800 ನ್ಯಾನೊಮೀಟರ್ ಬೆಳಕಿಗೆ 400ರ ಚಿನ್ನದ ಕಡ್ಡಿ ಯಾಕೆ ಹೊಂದುವುದಿಲ್ಲ?

ಪ್ರಶ್ನೆ: ಎಫ್‌ಎಂ ಆಂಟೆನಾ ಅಲೆಯುದ್ದದ ಅರ್ಧದಷ್ಟಿರಬೇಕು ಎನ್ನುತ್ತಾರೆ. ಹಾಗಾದರೆ 800 ನ್ಯಾನೊಮೀಟರ್ ಬೆಳಕು ಹಿಡಿಯಲು ಸಿಲಿಕಾನ್ ಮೇಲೆ 400 ನ್ಯಾನೊಮೀಟರ್ ಉದ್ದದ ಚಿನ್ನದ ಕಡ್ಡಿ ಇಟ್ಟರೆ ಸಾಲದೇ?
— ಎಂ.ಎಸ್ಸಿ. ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ಸಾಲದು ಎನ್ನುವುದಕ್ಕಿಂತ, ಅದು ತೀರಾ ಉದ್ದವಾಯಿತು. ನಿಮಗೆ ಬೇಕಾದ್ದು ಅದರ ಕಾಲುಭಾಗದಷ್ಟು, ಕೆಲವೊಮ್ಮೆ ಇನ್ನೂ ಗಿಡ್ಡ.

ನಿಮ್ಮ ಮಾಳಿಗೆ ಮೇಲಿನ ಎಫ್‌ಎಂ ಆಂಟೆನಾ ನೋಡಿ. 100 ಮೆಗಾಹರ್ಟ್ಸ್‌ಗೆ ಅಲೆ 3 ಮೀಟರ್, ಕಡ್ಡಿ ಸುಮಾರು ಒಂದೂವರೆ ಮೀಟರ್. ಅಲ್ಲಿ ಎಲೆಕ್ಟ್ರಾನ್‌ಗಳು ಅಲೆಯ ತಾಳಕ್ಕೆ ಹಿಂದೆ ಬೀಳದೆ ಹೊರಳುತ್ತವೆ. ಬೆಳಕಿನದು ಸೆಕೆಂಡಿಗೆ 375 ಲಕ್ಷ ಕೋಟಿ ಏರಿಳಿತ. ಎಲೆಕ್ಟ್ರಾನಿನ ಜಡತ್ವ ಇಲ್ಲಿ ಅಡ್ಡ ಬರುತ್ತದೆ. ಬೆಳಕು ಚಿನ್ನದೊಳಗೆ ಸುಮಾರು 25 ನ್ಯಾನೊಮೀಟರ್ ಇಳಿಯುತ್ತದೆ, ಅಂದರೆ 30 ನ್ಯಾನೊಮೀಟರ್ ದಪ್ಪದ ಕಡ್ಡಿಯ ತುಂಬ ವ್ಯಾಪಿಸುತ್ತದೆ. ಇದರಿಂದ ಕಡ್ಡಿಯುದ್ದಕ್ಕೂ ಓಡುವ ಅಲೆ ಕುಗ್ಗುತ್ತದೆ. ನೀರಿನಲ್ಲಿ 10 ನ್ಯಾನೊಮೀಟರ್ ದಪ್ಪ, 40 ಉದ್ದದ ಕಡ್ಡಿಯೇ 800ರ ಬಳಿ ಅನುರಣಿಸುತ್ತದೆ, ಅಂದರೆ ಆ ಬೆಳಕಿನ ತಾಳಕ್ಕೆ ಅತಿ ಜೋರಾಗಿ ಕಂಪಿಸುತ್ತದೆ!

ಸಿಲಿಕಾನ್ ಇದನ್ನು ಇನ್ನೂ ಎಳೆಯುತ್ತದೆ. ಅದರ ವಕ್ರೀಭವನಾಂಕ (ಬೆಳಕನ್ನು ಎಷ್ಟು ನಿಧಾನಗೊಳಿಸುತ್ತದೆ ಎಂಬ ಅಂಕ) 800ರಲ್ಲಿ ಸುಮಾರು 3.7, ಗಾಜಿನದು 1.5. ಅದೇ ಕಡ್ಡಿಯನ್ನು ಗಾಜಿನಿಂದ ಸಿಲಿಕಾನ್‌ಗೆ ಸಾಗಿಸಿದರೆ ಅನುರಣನ ಕೆಂಪಿನತ್ತ, ಅಂದರೆ ಉದ್ದ ಅಲೆಯತ್ತ, ಸರಿಯುತ್ತದೆ; ಹಾಗಾಗಿ 800ಕ್ಕೆ ಕಡ್ಡಿ ಇನ್ನೂ ಗಿಡ್ಡವಾಗಬೇಕು. ಜೊತೆಗೆ ಕಡ್ಡಿ ಸೂಸುವ ಬೆಳಕಿನ ಬಹುಪಾಲು ಕೆಳಗೆ, ಸಿಲಿಕಾನ್‌ನೊಳಗೇ ಹೋಗುತ್ತದೆ. ಬೆಳಕು ಗ್ರಾಹಕಕ್ಕೆ ಇದು ವರ. ಮೇಲಿನಿಂದ ಸೂಕ್ಷ್ಮದರ್ಶಕದಲ್ಲಿ ನೋಡುವವರಿಗೆ ಮಾತ್ರ ಕಡ್ಡಿ ಮಂಕಾಗಿ ಕಂಡು, ಕೆಟ್ಟಿದೆ ಎನಿಸುತ್ತದೆ. ಬೆಳಕಿನ ಧ್ರುವೀಕರಣ (ಅದರ ವಿದ್ಯುತ್ ಕ್ಷೇತ್ರ ಕಂಪಿಸುವ ದಿಕ್ಕು) ಕಡ್ಡಿಯ ಉದ್ದಕ್ಕೇ ಇದೆಯೇ ಎಂದು ಮೊದಲು ನೋಡಿ.

ಲೆಕ್ಕ ಹಾಕಿ ಬಂದ ಒಂದೇ ಅಳತೆಯನ್ನು ನೆಚ್ಚಬೇಡಿ. ಉದ್ದವನ್ನು 60ರಿಂದ 140ರವರೆಗೆ ಐದೈದು ನ್ಯಾನೊಮೀಟರ್ ಏರಿಸುತ್ತ 17 ಅಳತೆಯ ಕಡ್ಡಿಗಳನ್ನು ಒಂದೇ ಚಿಪ್‌ನಲ್ಲಿ ಬರೆಯಿರಿ, ಪ್ರತಿಯೊಂದರ ರೋಹಿತ (ಯಾವ ಅಲೆಯುದ್ದದಲ್ಲಿ ಎಷ್ಟು ಬೆಳಕು ಎಂಬ ನಕ್ಷೆ) ತೆಗೆಯಿರಿ. ಚಿನ್ನದ ದಪ್ಪ 30 ಇದ್ದರೆ ರೆಸಿಸ್ಟ್ ಪದರ (ಕಡ್ಡಿಯ ಆಕಾರ ಮೂಡಿಸಿ, ಚಿನ್ನ ಹಾಕಿದ ಮೇಲೆ ಅಸಿಟೋನ್‌ನಲ್ಲಿ ಕರಗಿಸಿ ತೆಗೆಯುವ ಅಚ್ಚು) ಕನಿಷ್ಠ 90–100 ಇರಲಿ. ತೆಳುವಾದರೆ ಮೇಲಿನ ಚಿನ್ನ, ಕೆಳಗಿನ ಚಿನ್ನ ಅಂಚಿನಲ್ಲಿ ಕೂಡಿಕೊಂಡು ಅಸಿಟೋನ್ ಒಳನುಗ್ಗದು. ರೆಸಿಸ್ಟನ್ನು ಎತ್ತಿ ತೆಗೆಯುವಾಗ ಕಡ್ಡಿಯೂ ಕಿತ್ತುಬರುತ್ತದೆ.

ಅಂಟಿಗಾಗಿ ಹಾಕುವ ಟೈಟಾನಿಯಂ 1 ನ್ಯಾನೊಮೀಟರ್ ಸಾಕು. 5 ಹಾಕಿದರೆ ಟೈಟಾನಿಯಂ ತಾನೇ ಬೆಳಕು ನುಂಗಿ, ರೋಹಿತದ ಶಿಖರ ಅಗಲವಾಗಿ ತಗ್ಗುತ್ತದೆ. ಇಲ್ಲಿ ನಡೆಯುವ ತಪ್ಪು ಇದೇ ಹೆಚ್ಚು.

ಬೆಳ್ಳಿಯಲ್ಲಿ ಬೆಳಕಿನ ನಷ್ಟ ಕಡಿಮೆ, ನಿಜ. ಆದರೆ ಬೀದರಿನ ಬಿದರಿ ಹೂಜಿಯ ಬೆಳ್ಳಿ ಮಸುಕಾದರೆ ಉಜ್ಜಿ ಹೊಳಪು ತರಬಹುದು. 30 ನ್ಯಾನೊಮೀಟರ್ ಕಡ್ಡಿಯನ್ನು ಉಜ್ಜಲಾಗದು. ಗಂಧಕ ತಗುಲಿ ಕಪ್ಪಾದರೆ ಅಲ್ಲಿಗೆ ಮುಗಿಯಿತು. ಚಿನ್ನವನ್ನೇ ಬಳಸಿ, ಆದರೆ ಅದನ್ನು ಬರಿಯ ಸಿಲಿಕಾನ್ ಮೇಲೆ ಬಿಸಿ ಮಾಡಬೇಡಿ: ಬಿಡಿಯಾಗಿ 1064 ಡಿಗ್ರಿಗೆ ಕರಗುವ ಚಿನ್ನ, ಸಿಲಿಕಾನ್ ಜೊತೆ ಬೆರೆತರೆ 363ಕ್ಕೇ ಕರಗುತ್ತದೆ. ನಡುವೆ 5–10 ನ್ಯಾನೊಮೀಟರ್ ಆಕ್ಸೈಡ್ ಪದರ ಇರಲಿ.