ಥೈರಾಯ್ಡ್ ಕಣ್ಣಿನ ಕಾಯಿಲೆ: ಸ್ಟೀರಾಯ್ಡ್ ಯಾರಿಗೆ, ಕತ್ತರಿ ಯಾರಿಗೆ?

ದೇಹದ ರಕ್ಷಣಾ ವ್ಯವಸ್ಥೆಯೇ ಥೈರಾಯ್ಡ್ ಗ್ರಂಥಿಯನ್ನು ಕೆರಳಿಸುವ ಗ್ರೇವ್ಸ್ ಕಾಯಿಲೆಯಲ್ಲಿ ಕಣ್ಣಗುಡ್ಡೆಯ ಹಿಂದಿನ ಕೊಬ್ಬು, ಸ್ನಾಯು ಊದುತ್ತವೆ. ಸುತ್ತ ಮೂಳೆ, ಹಾಗಾಗಿ ಗುಡ್ಡೆ ಮುಂದೆ ಬರುತ್ತದೆ. ಇಷ್ಟು ಎಲ್ಲರಿಗೂ ಗೊತ್ತು, ನೇರ ಚಿಕಿತ್ಸೆಗೆ ಬರೋಣ.

ತಲೆ ಕೆಡುವುದು ಇಲ್ಲಿ. ಕಾಯಿಲೆ ಎಷ್ಟು ಸಕ್ರಿಯ (ಉರಿಯೂತ ಈಗ ಎಷ್ಟಿದೆ), ಎಷ್ಟು ತೀವ್ರ (ಕಣ್ಣಿಗೆ ಎಷ್ಟು ತೊಂದರೆ ಆಗಿದೆ) ಅನ್ನೋದು ಎರಡು ಬೇರೆ ಪ್ರಶ್ನೆ. ಸಕ್ರಿಯತೆಗೆ ಸಿಎಎಸ್ (ಕ್ಲಿನಿಕಲ್ ಆಕ್ಟಿವಿಟಿ ಸ್ಕೋರ್) ಅಂಕ ಇದೆ, ಲಕ್ಷಣಕ್ಕೊಂದು ಅಂಕ. ಏಳು ಲಕ್ಷಣ: ಸುಮ್ನಿದ್ದಾಗಲೂ ಗುಡ್ಡೆ ಹಿಂದೆ ನೋವು, ಕಣ್ಣು ಆಡಿಸಿದರೆ ನೋವು, ರೆಪ್ಪೆ ಕೆಂಪು, ರೆಪ್ಪೆ ಊತ, ಬಿಳಿಭಾಗ ಕೆಂಪು, ಅದರ ಮೇಲಿನ ಪೊರೆ ನೀರು ತುಂಬಿ ಉಬ್ಬುವುದು, ಮೂಗಿನ ಪಕ್ಕದ ಮೂಲೆಯ ಮಾಂಸ ಊದುವುದು. ಮೂರು ಅಥವಾ ಜಾಸ್ತಿ ಇದ್ದರೆ ಸಕ್ರಿಯ.

ಪಟ್ಟಿ ಇನ್ನೊಮ್ಮೆ ಓದಿ. ಕಣ್ಣು ಮುಂದೆ ಬಂದಿರೋದು ಇದೆಯಾ? ಇಲ್ಲ. ಎರಡೆರಡು ಕಾಣೋದು? ಅದೂ ಇಲ್ಲ! ಅವು ತೀವ್ರತೆಯ ಲೆಕ್ಕ. ಕಣ್ಣು ಎಷ್ಟು ಮುಂದೆ ಬಂದಿದೆ ಎಂದು ಅಳೆಯುವ ಹರ್ಟೆಲ್ ಅಳತೆಯಲ್ಲಿ 25 ಮಿ.ಮೀ. ಬಂದರೂ ಸಿಎಎಸ್ ಸೊನ್ನೆ ಇರಬಹುದು. ಬೆಂಕಿ ಆರಿ ಕರಕಲು ಉಳಿದ ಹಾಗೆ. ಅಲ್ಲಿ ಸ್ಟೀರಾಯ್ಡ್ ಸುರಿದರೆ ಶುಗರ್ ಏರುತ್ತದೆ, ಕಣ್ಣು ಒಳಗೆ ಹೋಗಲ್ಲ. 21 ಮಿ.ಮೀ., ಸಿಎಎಸ್ 5, ಜೊತೆಗೆ ಎರಡೆರಡು ಕಾಣುತ್ತಿದ್ದರೆ? ಸ್ಟೀರಾಯ್ಡ್ ಕೆಲಸ ಮಾಡೋದು ಅಲ್ಲಿ.

ಡೋಸ್ ನೆನಪಿಗೆ: ಮೀಥೈಲ್‌ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ರಕ್ತನಾಳಕ್ಕೆ, ವಾರಕ್ಕೊಮ್ಮೆ. 500 ಮಿ.ಗ್ರಾಂ. ಆರು ವಾರ, 250 ಆರು ವಾರ. 3 ಗ್ರಾಂ, ಒಂದೂವರೆ ಗ್ರಾಂ, ಒಟ್ಟು ನಾಲ್ಕೂವರೆ. ಎಂಟು ಗ್ರಾಂ ದಾಟಬಾರದು, ಲಿವರ್‌ಗೆ ಕುತ್ತು.

ಸಕ್ರಿಯವಿದ್ದರೆ ಸ್ಟೀರಾಯ್ಡ್, ತಣ್ಣಗಾದ ಮೇಲೆ ಕತ್ತರಿ (ಆಪರೇಷನ್) ಎಂಬ ಈ ಅಚ್ಚುಕಟ್ಟನ್ನು ಕೆಡಿಸಿದ್ದು ಟೆಪ್ರೊಟುಮುಮ್ಯಾಬ್ ಎಂಬ ಔಷಧಿ. ಅಮೆರಿಕದಲ್ಲಿ 2020ರಲ್ಲಿ ಒಪ್ಪಿಗೆ ಸಿಕ್ಕಿತು. ಮೂರು ವಾರಕ್ಕೊಮ್ಮೆ, ಎಂಟು ಸಲ. ಇದು ಐಜಿಎಫ್-1 ಗ್ರಾಹಕವನ್ನೇ (ಕಣ್ಣಿನ ಹಿಂದಿನ ಜೀವಕೋಶಗಳ ಮೇಲಿದ್ದು ಊತಕ್ಕೆ ಸೂಚನೆ ಕೊಡುವ ಪ್ರೋಟೀನ್) ತಡೆಯುತ್ತದೆ, ಹಾಗಾಗಿ ಉಬ್ಬೇ ಇಳಿಯುತ್ತದೆ. 2023ರಲ್ಲಿ ಕಾಯಿಲೆ ತಣ್ಣಗಿದ್ದವರಿಗೂ ಕೊಡಬಹುದು ಎಂದಾಯಿತು. ಆದರೆ ಕಿವಿ ಮಂದವಾಗಬಹುದು, ಶುಗರ್ ಏರಬಹುದು. ಬೆಲೆಯಂತೂ ಕೇಳಲೇಬೇಡಿ.

ಸೌಮ್ಯವಾಗಿದ್ದರೆ ಕಣ್ಣಿನ ಹನಿ, ಆರು ತಿಂಗಳು ಸೆಲೆನಿಯಂ. ಸಿಗರೇಟು ಬಿಡೋದು ಎಲ್ಲರಿಗೂ.

ಕೆಂಪು ಬಣ್ಣ ಮಾಸಲಾಗಿ ಕಂಡರೆ ಸಿಎಎಸ್ ಎಣಿಸುತ್ತ ಕೂರಬೇಡಿ. ದೃಷ್ಟಿನರ ಒತ್ತಿಹೋಗುತ್ತಿರಬಹುದು. ಹೆಚ್ಚಿನ ಡೋಸ್ ಸ್ಟೀರಾಯ್ಡ್ ತಕ್ಷಣ, ಎರಡು ವಾರದಲ್ಲಿ ಬಗ್ಗದಿದ್ದರೆ ಮೂಳೆ ತೆಗೆದು ಜಾಗ ಮಾಡುವ ಆಪರೇಷನ್.

ಉಳಿದವರಿಗೆ ಕಾಯಿಲೆ ಆರು ತಿಂಗಳಾದರೂ ತಣ್ಣಗಿದ್ದ ಮೇಲೆಯೇ ಕತ್ತರಿ. ಮೊದಲು ಮೂಳೆ, ಆಮೇಲೆ ಮೆಳ್ಳೆಗಣ್ಣು, ಕೊನೆಗೆ ರೆಪ್ಪೆ. ಮೂಳೆ ತೆಗೆದರೆ ಸ್ನಾಯು ಸರಿದು ಮೆಳ್ಳೆ ಬದಲಾಗುತ್ತದೆ. ಸ್ನಾಯು ಸರಿಪಡಿಸಿದರೆ ರೆಪ್ಪೆ ಏರಿಳಿಯುತ್ತದೆ.