ಅರಳು ಮರಳು ಒಂದೇ ವಾರದಲ್ಲಿ ಬರುವುದಿಲ್ಲ

ಕಳೆದ ಮೇ ತಿಂಗಳಲ್ಲಿ ಹುಬ್ಬಳ್ಳಿ ಕಡೆಯವರೊಬ್ಬರು ಮುಂಬೈ ಹತ್ತಿರದ ಡೊಂಬಿವಲಿಯ ನನ್ನ ಕ್ಲಿನಿಕ್ಕಿಗೆ ತಾಯಿಯನ್ನು ಕರೆತಂದರು. 78ರ ಅಜ್ಜಿ. ಕುರ್ಚಿಯಲ್ಲಿ ಕೂತು, ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ, ಸೆರಗಿನ ಮೇಲಿಂದ ಏನನ್ನೋ ಆರಿಸಿ ಪಕ್ಕಕ್ಕೆ ಹಾಕುತ್ತಿದ್ದರು. ಮಗನನ್ನು ತಮ್ಮನ ಹೆಸರು ಹಿಡಿದು ಕರೆದರು.

"ಅರಳು ಮರಳ್ರೀ. ಐದು ದಿನ ಆತು, ರಾತ್ರಿ ಎದ್ದು ಓಡಾಡ್ತಾಳ. ನಿದ್ದಿ ಗುಳಿಗಿ ಬರಕೊಡ್ರಿ, ಸಾಕು."

ಹೋದ ವಾರ ಹೇಗಿದ್ದರು ಎಂದು ಕೇಳಿದೆ. ಮಗ ಸುಮ್ಮನಾದರು. ಸೊಸೆ ಹೇಳಿದರು: "ಹಾಲಿನವನ ಲೆಕ್ಕದಾಗ ತಪ್ಪು ಹಿಡಿದಿದ್ರು ನಮ್ಮ ಅತ್ತಿ."

ಹಾಲಿನ ಲೆಕ್ಕ ಹಾಕುತ್ತಿದ್ದವರು ಐದೇ ದಿನದಲ್ಲಿ ಮಗನನ್ನೇ ಗುರುತಿಸದೆ ಹೋದರೆ ಅದಕ್ಕೆ ವಯಸ್ಸು ಕಾರಣವಲ್ಲ. ದಯವಿಟ್ಟು ಇದೊಂದನ್ನು ತಿಳಿದುಕೊಳ್ಳಿ. ಮರೆವಿನ ಕಾಯಿಲೆ ತಿಂಗಳು, ವರ್ಷಗಟ್ಟಲೆ ತೆವಳಿಕೊಂಡು ಬರುತ್ತದೆ. ಗಂಟೆಗಳಲ್ಲಿ, ದಿನಗಳಲ್ಲಿ ಬರುವುದು ಡೆಲಿರಿಯಂ. ನಮ್ಮ ಹಿರಿಯರು ಸನ್ನಿ ಎನ್ನುತ್ತಿದ್ದರಲ್ಲ, ಅದೇ. ಬೆಳಿಗ್ಗೆ ಸರಿ ಇರುತ್ತಾರೆ, ಸಂಜೆಯಾದರೆ ದಿಕ್ಕು ತಪ್ಪುತ್ತಾರೆ. ಮೊದಲೇ ಮರೆವಿರುವವರಿಗೆ ಇದು ಇನ್ನೂ ಬೇಗ ಬರುತ್ತದೆ. ಮೂಲ ಸಾಮಾನ್ಯವಾಗಿ ಮಿದುಳಿನ ಹೊರಗೇ ಇರುತ್ತದೆ: ಮೂತ್ರದ ಸೋಂಕು (ವಯಸ್ಸಾದವರಲ್ಲಿ ಜ್ವರವೇ ಬಾರದಿರಬಹುದು), ನ್ಯುಮೋನಿಯಾ, ಕಟ್ಟಿಕೊಂಡ ಮಲ, ಸಾಲದ ನೀರು, ನೆಗಡಿಗೆಂದು ಅಂಗಡಿಯಲ್ಲಿ ಕೇಳಿ ತಂದ ಮಾತ್ರೆ.

ಆ ಅಜ್ಜಿಯ ರಕ್ತದಲ್ಲಿ ಸೋಡಿಯಂ, ಅಂದರೆ ಉಪ್ಪಿನ ಅಂಶ, 118 ಇತ್ತು. ಇರಬೇಕಾದದ್ದು 135ರಿಂದ 145. ಬಿಪಿಗೆ ಮೂತ್ರ ಹೆಚ್ಚಿಸುವ ಗುಳಿಗೆ ಇತ್ತು, ಮನೆಯವರು ಊಟದಲ್ಲಿ ಉಪ್ಪನ್ನು ಪೂರ್ತಿ ಬಿಡಿಸಿದ್ದರು, ಮೇಲೆ ಎರಡು ದಿನದ ಭೇದಿ. ಆಸ್ಪತ್ರೆಗೆ ಸೇರಿಸಿ ಸೋಡಿಯಂ ನಿಧಾನವಾಗಿ ಏರಿಸಬೇಕಾಯಿತು. ಅವಸರ ಮಾಡಿದರೆ ಮಿದುಳಿಗೇ ಪೆಟ್ಟು. ನಿದ್ದೆ ಮಾತ್ರೆ ಕೊಟ್ಟಿದ್ದರೆ ಏನಾಗುತ್ತಿತ್ತೋ, ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ. ಮೂರು ವಾರಕ್ಕೆ ಚೇತರಿಸಿಕೊಂಡರು. ಎಲ್ಲರೂ ಇಷ್ಟು ಬೇಗ, ಇಷ್ಟು ಪೂರ್ತಿಯಾಗಿ ಚೇತರಿಸಿಕೊಳ್ಳುತ್ತಾರೆ ಎಂದು ನಾನು ಹೇಳಲಾರೆ.

ಓಡಾಡುವವರನ್ನಾದರೂ ಕರೆತರುತ್ತೀರಿ. ನನಗೆ ಹೆಚ್ಚು ಭಯ ಸುಮ್ಮನೆ ಮಲಗಿಬಿಡುವವರದ್ದು. "ಪಾಪ, ಎರಡು ದಿನದಿಂದ ಶಾಂತವಾಗಿದ್ದಾರೆ" ಎನ್ನುತ್ತಾರೆ ಮನೆಯವರು. ಊಟಕ್ಕೆ ಎಬ್ಬಿಸಿದರೆ ಎರಡು ತುತ್ತು ತಿಂದು ಮತ್ತೆ ಕಣ್ಣು ಮುಚ್ಚುತ್ತಾರೆ. ಇದೂ ಡೆಲಿರಿಯಮ್ಮೇ. ಗಲಾಟೆ ಇಲ್ಲದ್ದರಿಂದ ತಡವಾಗಿ ಬರುತ್ತಾರೆ, ಅದಕ್ಕೇ ಹೆಚ್ಚು ನರಳುತ್ತಾರೆ.

ಬೆಳಗಿನ ಲೋಕಲ್ ಹಿಡಿದು ಹೋಗಿ ರಾತ್ರಿ ಒಂಬತ್ತಕ್ಕೆ ಮನೆ ಸೇರುವ ಮಕ್ಕಳ ಕಷ್ಟ ನನಗೆ ಗೊತ್ತು. ನೀವು ತಂದೆತಾಯಿಯನ್ನು ನೋಡುವುದೇ ರಾತ್ರಿ. ಆದ್ದರಿಂದ ಹಗಲು ಜೊತೆಗಿರುವವರನ್ನು, ಹೆಂಡತಿಯಾಗಲಿ ಮನೆಗೆಲಸದ ಹೆಂಗಸಾಗಲಿ, ಕೇಳಿ. ಕ್ಲಿನಿಕ್ಕಿಗೂ ಅವರನ್ನೇ ಕರೆತನ್ನಿ. ಸಕ್ಕರೆ ಕಾಯಿಲೆ ಇದ್ದರೆ ಮೊದಲು ಗ್ಲುಕೋಮೀಟರ್‌ನಲ್ಲಿ ನೋಡಿ, ಸಕ್ಕರೆ ಇಳಿದಿರಬಹುದು. ಬಾಯಿ ಸೊಟ್ಟಗಾಗಿದ್ದರೆ, ಮಾತು ತೊದಲಿದರೆ, ಒಂದು ಕೈ ಏಳದಿದ್ದರೆ ನನ್ನ ಹತ್ತಿರ ಬರಬೇಡಿ, ನೇರ ದೊಡ್ಡ ಆಸ್ಪತ್ರೆಗೆ ಹೋಗಿ. ಉಳಿದಂತೆ, ಗೊಂದಲ ಶುರುವಾದ ದಿನವೇ ವೈದ್ಯರಿಗೆ ತೋರಿಸಿ, ಶನಿವಾರದ ರಜೆಗೆ ಕಾಯಬೇಡಿ. ಕನ್ನಡಕ, ಕಿವಿಯ ಮಷೀನು ಹಾಕಿಸಿಯೇ ಕರೆತನ್ನಿ. ಮನೆಯಲ್ಲಿರುವ ಅಷ್ಟೂ ಗುಳಿಗೆಗಳನ್ನು, ಊರಿನಿಂದ ಬರುವಾಗ ಅವರು ಪೆಟ್ಟಿಗೆಯ ತಳದಲ್ಲಿಟ್ಟು ತಂದದ್ದನ್ನೂ ಸೇರಿಸಿ, ಒಂದು ಚೀಲದಲ್ಲಿ ಹಾಕಿಕೊಂಡು ಬನ್ನಿ.