ಲಷ್ಕರ್ ಊರಿಗೆ ಸೇರಿದರೆ ಮನೆ ಯಾರದು?

ಪುಣೆಯ ಹಳಬರ ಬಾಯಲ್ಲಿ ಕ್ಯಾಂಪ್, ಅಂದರೆ ಸೇನೆಯ ಕಂಟೋನ್ಮೆಂಟ್ ಪ್ರದೇಶ, ಇಂದಿಗೂ ‘ಲಷ್ಕರ್’. ಬೆಂಗಳೂರಿನ ‘ದಂಡು’ ಇದ್ದಂತೆ. ಬೆಂಗಳೂರು ದಂಡು 1949ರಲ್ಲೇ ಪೇಟೆಯ ಜೊತೆ ಸೇರಿ ಒಂದೇ ಕಾರ್ಪೊರೇಷನ್ ಆಯಿತು. 1817ರ ಖಡಕಿ ಯುದ್ಧದ ಕಾಲಕ್ಕೆ ಬೇರೂರಿದ ಪುಣೆ, ಖಡಕಿ ಕಂಟೋನ್ಮೆಂಟ್‌ಗಳು ಮಾತ್ರ ಪಾಲಿಕೆಯ ಮಗ್ಗುಲಲ್ಲೇ ಇದ್ದೂ ಬೇರೆ ಕಾನೂನಿನಲ್ಲಿ ಉಳಿದವು. ಇಂಥ ಕಂಟೋನ್ಮೆಂಟುಗಳ ಜನವಸತಿಯನ್ನು ಪಾಲಿಕೆಗೆ ಸೇರಿಸುವ ಮಾತು ನಡೆದಿದೆ.

2017ರ ಜಿಎಸ್‌ಟಿ ಕಂಟೋನ್ಮೆಂಟುಗಳ ಆಡಳಿತ ನಡೆಸುವ ಬೋರ್ಡುಗಳ ಆದಾಯದ ದೊಡ್ಡ ಮೂಲಗಳನ್ನೇ ಕಿತ್ತುಕೊಂಡಿತು. 2021ರಿಂದ ಚುನಾಯಿತ ಸದಸ್ಯರಿಲ್ಲ. 2023ರ ಏಪ್ರಿಲ್ 30ಕ್ಕೆ ಗೊತ್ತಾಗಿದ್ದ 57 ಬೋರ್ಡುಗಳ ಚುನಾವಣೆ ಮಾರ್ಚ್‌ನಲ್ಲೇ ರದ್ದಾಯಿತು. ಅದೇ ಏಪ್ರಿಲ್‌ನಲ್ಲಿ ಹಿಮಾಚಲದ ಖಾಸ್ ಯೋಲ್ ಕಂಟೋನ್ಮೆಂಟ್ ಪಟ್ಟ ಕಳೆದುಕೊಂಡಿತು: ಸೇನೆಯ ಜಾಗ ಮಿಲಿಟರಿ ಸ್ಟೇಷನ್, ಜನವಸತಿ ಸ್ಥಳೀಯ ಸಂಸ್ಥೆಗೆ. ಉಳಿದೆಡೆಯ ಮಾತುಕತೆಗೂ ಇದೇ ಮಾದರಿ.

2006ರ ಕಂಟೋನ್ಮೆಂಟ್ ಕಾಯ್ದೆಯ 4ನೇ ಕಲಮಿನ ಪ್ರಕಾರ, ಜಾಗವನ್ನು ಕಂಟೋನ್ಮೆಂಟಿನಿಂದ ಹೊರಗಿಡುವ ಮುನ್ನ ಕೇಂದ್ರವು ರಾಜ್ಯವನ್ನೂ ಬೋರ್ಡನ್ನೂ ಕೇಳಿ, ತನ್ನ ಉದ್ದೇಶವನ್ನು ಗೆಜೆಟ್‌ನಲ್ಲಿ ಪ್ರಕಟಿಸಬೇಕು. ಆಕ್ಷೇಪಿಸಲು ನಿವಾಸಿಗಳಿಗೆ ಸಿಗುವುದು ಎಂಟು ವಾರ. ಆಕ್ಷೇಪಣೆ ಬರಹದಲ್ಲಿರಬೇಕು, ಆಯಾ ಸೇನಾ ಕಮಾಂಡಿನ ಮುಖ್ಯಸ್ಥರ ಮೂಲಕ ಕೇಂದ್ರಕ್ಕೆ ಹೋಗಬೇಕು. ದಕ್ಷಿಣ ಕಮಾಂಡಿನ ಕಚೇರಿ ಪುಣೆಯಲ್ಲೇ ಇರುವುದರಿಂದ ಬೆಳಗಾವಿ ಕ್ಯಾಂಪಿನವರ ಕಾಗದವೂ ಇಲ್ಲಿಗೇ ಬರಬೇಕು.

ಜನ ಎಡವುವುದು ಇಲ್ಲಿ. ನೂರು ಸಹಿಯ ‘ವಿಲೀನ ಬೇಕು’, ‘ವಿಲೀನ ಬೇಡ’ ಮನವಿಗಳಲ್ಲಿ ಒಡೆತನದ ಮಾತೇ ಇರುವುದಿಲ್ಲ. ಗಡಿ ಬದಲಾದರೆ ನೀರು, ಕಸ, ತೆರಿಗೆ ಪಾಲಿಕೆಗೆ ಹೋಗುತ್ತವೆ; ನೆಲ ಹೋಗುವುದಿಲ್ಲ. ನಾಗರಿಕ ಸೌಲಭ್ಯಕ್ಕೆಂದು ಕಟ್ಟಿದ ಆಸ್ತಿ ಮಾತ್ರ ಬಿಟ್ಟಿಯಾಗಿ ರಾಜ್ಯಕ್ಕೆ, ಭಾರತ ಸರ್ಕಾರದ ಹಕ್ಕಿರುವಲ್ಲಿ ಆ ಹಕ್ಕು ಹಾಗೇ ಎಂದು ರಕ್ಷಣಾ ಸಚಿವಾಲಯ 2024ರ ಜೂನ್‌ನಲ್ಲೇ ಹೇಳಿದೆ. ಹಳೆಯ ಬಂಗಲೆಗಳಲ್ಲಿ ಹಲವು ‘ಓಲ್ಡ್ ಗ್ರ್ಯಾಂಟ್’: 1836ರ 179ನೇ ಆದೇಶದಂತೆ ಕಟ್ಟಡ ನಿಮ್ಮದು, ನೆಲ ಸರ್ಕಾರದ್ದು, ಒಂದು ತಿಂಗಳ ನೋಟಿಸು ಕೊಟ್ಟು, ಅನುಮತಿಯಿದ್ದ ಕಟ್ಟಡದ ಬೆಲೆ ತೆತ್ತು ಸರ್ಕಾರ ಅದನ್ನು ವಾಪಸು ಪಡೆಯಬಹುದು. ಅನುಮತಿಯಿಲ್ಲದೆ ಕಟ್ಟಿಸಿದ ಮಹಡಿಗೆ ಬೆಲೆಯಿಲ್ಲ.

ಆದ್ದರಿಂದ ಮೊದಲು ಜಿಎಲ್‌ಆರ್‌ನ, ಅಂದರೆ ಭೂನೋಂದಣಿ ಪುಸ್ತಕದ, ಉತಾರೆ (ನಕಲು) ತೆಗೆಸಿ. ಸರ್ವೆ ನಂಬರು, ವರ್ಗ, ಹಕ್ಕಿನ ಸ್ವರೂಪ, ಹಿಡುವಳಿದಾರರ ಹೆಸರು ಈ ನಾಲ್ಕನ್ನು ನೋಡಿ. ವರ್ಗ ಬಿ-3 ಎಂದರೆ ಖಾಸಗಿಯವರ ಕೈಯಲ್ಲಿರುವ ಸರ್ಕಾರಿ ನೆಲ. ಸಿ ಎಂದರೆ ಬೋರ್ಡಿಗೆ ವಹಿಸಿದ್ದು. ತೀರಿಹೋದ ಅಜ್ಜನ ಹೆಸರೇ ಅಲ್ಲಿದ್ದರೆ ಮ್ಯುಟೇಷನ್ (ಹೆಸರು ಬದಲಾವಣೆ) ಅರ್ಜಿ ಈಗಲೇ ಹಾಕಬೇಕು, ಎಂಟು ವಾರದಲ್ಲಿ ಅದು ಮುಗಿಯುವ ಕೆಲಸವಲ್ಲ. ಆಕ್ಷೇಪಣೆಯಲ್ಲಿ ಸರ್ವೆ ನಂಬರು ಬರೆದು, ಉತಾರೆಯ ಪ್ರತಿ ಲಗತ್ತಿಸಿ, ಒಂದೇ ಪ್ರಶ್ನೆ ಕೇಳಿ: ಗಡಿ ಬದಲಾದ ಮರುದಿನ ಈ ನೆಲದ ಹಕ್ಕು ಯಾವ ಕಚೇರಿಯ ಪುಸ್ತಕದಲ್ಲಿರುತ್ತದೆ? ಕಾಗದ ಕೊಟ್ಟಲ್ಲಿ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.